ಶಾಲೆಯೊಳಗಿನ ಹಿಂಸೆ: ಗೊತ್ತಿದ್ದವರು ಯಾಕೆ ಬಾಯಿ ಬಿಡಲಿಲ್ಲ?

ಶಾಲೆಯಲ್ಲಿ ಮಕ್ಕಳನ್ನೂ ಶಿಕ್ಷಕರನ್ನೂ ಹಿಂಸೆಯಿಂದ ಕಾಪಾಡುವುದು ಹೇಗೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಮೊದಲು ಬರೆಯುವ ಉತ್ತರ ಒಂದೇ: ಎತ್ತರದ ಕಾಂಪೌಂಡು, ಸಿಸಿ ಕ್ಯಾಮೆರಾ, ಗೇಟಿನಲ್ಲಿ ಕಾವಲುಗಾರ. ನಾನೂ ಹಾಗೇ ಬರೆದಿದ್ದೆ. ತಪ್ಪೇನಲ್ಲ, ಆದರೆ ಶಾಲೆಯ ದಿನನಿತ್ಯದ ಹಿಂಸೆ ಗೋಡೆ ಹಾರಿ ಬರುವುದಿಲ್ಲ. ಅದು ಒಳಗಿರುವವರ ನಡುವೆಯೇ ಹುಟ್ಟುತ್ತದೆ, ಯಾರಿಗಾದರೂ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಪಠ್ಯದಲ್ಲಿ ಶಾಲಾ ಸುರಕ್ಷತೆಯ ಈ ಅಧ್ಯಾಯವನ್ನು ‘ಗೊತ್ತಿದ್ದವರು ಹೇಳುವಂತೆ ಮಾಡುವುದು ಹೇಗೆ’ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದರೆ ಚದುರಿದ ವಿಷಯಗಳು ಒಂದೆಡೆ ಸೇರುತ್ತವೆ.

ಮೊದಲು ವ್ಯಾಪ್ತಿ. ಹೊಡೆತ ಬಡಿತ ಮಾತ್ರ ಹಿಂಸೆಯಲ್ಲ. ಅಡ್ಡಹೆಸರಿಟ್ಟು ಹಂಗಿಸುವುದು, ಬೇಕೆಂದೇ ಗುಂಪಿನಿಂದ ಹೊರಗಿಡುವುದು, ಮೊಬೈಲ್‌ನಲ್ಲಿ ಫೋಟೊ ಹಂಚಿ ಮಾನ ಕಳೆಯುವುದು, ಲೈಂಗಿಕ ಕಿರುಕುಳ, ಶಿಕ್ಷಕರ ಬೆತ್ತ, ಶಿಕ್ಷಕರ ಮೇಲೆ ಪೋಷಕರು ಕೈ ಎತ್ತುವುದು, ಎಲ್ಲವೂ ಇದರೊಳಗೇ ಬರುತ್ತದೆ. ಯುನೆಸ್ಕೊ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಮೀಕ್ಷೆಗೆ ಹಿಂದಿನ ಒಂದೇ ತಿಂಗಳಲ್ಲಿ ಸುಮಾರು ಮೂವರಲ್ಲಿ ಒಬ್ಬ ವಿದ್ಯಾರ್ಥಿ ಒಮ್ಮೆಯಾದರೂ ಸಹಪಾಠಿಗಳ ಕಿರುಕುಳ ಅನುಭವಿಸಿದ್ದ. ಯುದ್ಧದ ನಡುವಿನ ಶಾಲೆಗಳದ್ದು ಬೇರೆಯೇ ಅಧ್ಯಾಯ. ಅದಕ್ಕೆ 2015ರಲ್ಲಿ ಓಸ್ಲೊದಲ್ಲಿ ರೂಪುಗೊಂಡ ‘ಸುರಕ್ಷಿತ ಶಾಲೆಗಳ ಘೋಷಣೆ’ಯ ಹೆಸರು ನೆನಪಿದ್ದರೆ ಸದ್ಯಕ್ಕೆ ಸಾಕು.

ಎಲ್ಲರೂ ಎಡವುವ ಜಾಗ ಇದು: ಜಗಳಕ್ಕೂ ಬುಲ್ಲಿಯಿಂಗ್‌ಗೂ ಇರುವ ವ್ಯತ್ಯಾಸ. ಈ ವಿಷಯದ ಸಂಶೋಧನೆಗೆ ಅಡಿಪಾಯ ಹಾಕಿದ ಡಾನ್ ಓಲ್ವೇಯಸ್ ಬುಲ್ಲಿಯಿಂಗ್‌ಗೆ ಮೂರು ಗುರುತು ಹೇಳುತ್ತಾರೆ. ಬೇಕೆಂದೇ ಮಾಡಿರಬೇಕು, ಮತ್ತೆ ಮತ್ತೆ ನಡೆಯುತ್ತಿರಬೇಕು, ಇಬ್ಬರ ನಡುವೆ ಬಲದಲ್ಲಿ ಅಂತರವಿರಬೇಕು. ಬಲವೆಂದರೆ ಮೈಕಟ್ಟೇ ಆಗಬೇಕಿಲ್ಲ. ಜೊತೆಗಿರುವ ನಾಲ್ಕು ಜನ ಗೆಳೆಯರೂ ಬಲವೇ. ಮೂರನೆಯ ಗುರುತನ್ನು ಮರೆತರೆ ಪರಿಹಾರವೇ ಪೆಟ್ಟಾಗುತ್ತದೆ. ಸಮಾನರ ಜಗಳವಾದರೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಬಹುದು. ಆದರೆ ತಿಂಗಳುಗಟ್ಟಲೆ ಹಿಂಸೆ ತಿಂದ ಮಗುವನ್ನು ಹಿಂಸಿಸಿದವನ ಎದುರೇ ಕೂರಿಸಿ, ‘ಎರಡು ಕೈ ಸೇರಿದರೇ ಚಪ್ಪಾಳೆ, ನೀನೇನು ಮಾಡಿದೆ ಹೇಳು’ ಎಂದರೆ? ಆ ಮಗು ಇನ್ನು ಯಾವತ್ತೂ ದೂರು ಹೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಈ ಗಾದೆ ಇಲ್ಲಿ ಸುಳ್ಳು. ಇದು ಒಂದೇ ಕೈಯ ಕೆಲಸ.

ಇನ್ನು ಸುತ್ತ ನಿಂತು ನೋಡುವವರು. ಕೆನಡಾದ ಸಂಶೋಧಕರು ಆಟದ ಮೈದಾನದಲ್ಲಿ ಮಕ್ಕಳನ್ನು ವಿಡಿಯೊದಲ್ಲಿ ಸೆರೆಹಿಡಿದು 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಬಿಡಬೇಡಿ. ಕಿರುಕುಳದ 88% ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅಡ್ಡ ಬಂದದ್ದು 19% ಪ್ರಸಂಗಗಳಲ್ಲಿ ಮಾತ್ರ. ಆದರೆ ಹಾಗೆ ಅಡ್ಡ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಿರುಕುಳ ನಿಂತಿತ್ತು. ಹತ್ತು ಸೆಕೆಂಡು! ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ, 2009ರಿಂದ ಆ ದೇಶದ ಶಾಲೆಗಳಿಗೆ ವ್ಯಾಪಕವಾಗಿ ಹಬ್ಬಿದ ‘ಕಿವಾ’ ಕಾರ್ಯಕ್ರಮ ಗುರಿ ಇಡುವುದೂ ನೋಡುಗರ ಮೇಲೆಯೇ. ನಗುವವರಿಲ್ಲದಿದ್ದರೆ ಹಂಗಿಸುವವನ ಆಟ ನಡೆಯುವುದಿಲ್ಲ.

ಅತಿ ಭೀಕರ ಘಟನೆಗಳಲ್ಲೂ ಕಥೆ ಇದೇ. ಅಮೆರಿಕದ ಸೀಕ್ರೆಟ್ ಸರ್ವಿಸ್ (ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸಂಸ್ಥೆ) ಮತ್ತು ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗೆ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು ಪರಿಶೀಲಿಸಿದವು. ವರದಿ ಬಂದದ್ದು 2002ರಲ್ಲಿ. ಹತ್ತರಲ್ಲಿ ಎಂಟು ಪ್ರಕರಣಗಳಲ್ಲಿ, ದಾಳಿಗೆ ಮುಂಚೆಯೇ ಅದರ ಸುಳಿವು ಕನಿಷ್ಠ ಒಬ್ಬರಿಗೆ ಇತ್ತು. ಅವರಲ್ಲಿ ಹೆಚ್ಚಿನವರು ಗೆಳೆಯರು, ಸಹಪಾಠಿಗಳು. ‘ದಾಳಿಕೋರ ಇಂಥವನೇ ಇರುತ್ತಾನೆ’ ಎಂಬ ಅಚ್ಚು ಕೆಲಸಕ್ಕೆ ಬಾರದು ಎಂಬುದೂ ಅದೇ ವರದಿಯ ಮಾತು. ಮೌನಿ ಹುಡುಗನನ್ನು ಕಂಡರೆ ಅನುಮಾನಿಸುವುದನ್ನು ದಯವಿಟ್ಟು ಬಿಡೋಣ.

ಹಾಗಾದರೆ ಹೇಳಲಿಲ್ಲ ಯಾಕೆ? ಚಿಕ್ಕ ತರಗತಿಯಿಂದಲೇ ನಾವು ‘ಚಾಡಿ ಹೇಳಬೇಡ’ ಎಂದು ಕಲಿಸಿರುತ್ತೇವೆ. ಚಾಡಿ ಒಬ್ಬನಿಗೆ ಬೈಸಲು, ದೂರು ಒಬ್ಬನನ್ನು ಉಳಿಸಲು. ಈ ಗೆರೆಯನ್ನು ಯಾರೂ ಎಳೆದು ತೋರಿಸಿರುವುದಿಲ್ಲ. ಬೆತ್ತ ಹಿಡಿದ ಶಿಕ್ಷಕರ ಹತ್ತಿರ ಹೊಡೆತದ ದೂರು ಒಯ್ಯುವುದಂತೂ ಯಾವ ಮಗುವಿಗೂ ಆಗದ ಮಾತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕಂತಿರಬೇಕು ಎನ್ನುತ್ತದೆ. ನನಗಂತೂ ಅದು ಸುರಕ್ಷತೆಯ ನಿಯಮವಾಗಿಯೂ ಕಾಣುತ್ತದೆ.

ಶಿಕ್ಷಕರದ್ದೂ ಮೌನವೇ. ವಿದ್ಯಾರ್ಥಿ ಬೆದರಿಸಿದ ಎಂದರೆ ‘ಕ್ಲಾಸು ಹಿಡಿತದಲ್ಲಿಟ್ಟುಕೊಳ್ಳಲು ಬರಲ್ಲ’ ಎಂಬ ಹೆಸರು ಬರುತ್ತದೆ, ಅದಕ್ಕೇ ನುಂಗಿಕೊಳ್ಳುತ್ತಾರೆ. ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಪ್ಪಂದ ಇಲ್ಲಿಗೂ ಅನ್ವಯಿಸುತ್ತದೆ. ಶಿಕ್ಷಕರಿಗೆ ತರಗತಿಯೇ ಕೆಲಸದ ಜಾಗ.

ಕೊನೆಯದು ದಾಖಲೆ, ಪರೀಕ್ಷೆಯಲ್ಲಿ ಅಂಕ ತರುವ ಭಾಗವೂ ಹೌದು. ‘ಎಂಟನೇ ತರಗತಿಯ ಹುಡುಗ ಪುಂಡಾಟ ಮಾಡಿದ’ ಎಂದು ಬರೆದರೆ ಅದು ತೀರ್ಪು, ದಾಖಲೆಯಲ್ಲ. ‘ಮಂಗಳವಾರ, ಮೂರನೇ ಪೀರಿಯಡ್ ಮುಗಿದ ಮೇಲೆ, ಮೆಟ್ಟಿಲ ತಿರುವಿನಲ್ಲಿ, ಬ್ಯಾಗು ಕಿತ್ತು ಕೆಳಗೆಸೆದ, ಇಬ್ಬರು ನೋಡಿದರು, ಈ ತಿಂಗಳಲ್ಲಿ ಇದು ಮೂರನೇ ಸಲ’ ಎಂದು ಬರೆದರೆ ಮೆಟ್ಟಿಲ ತಿರುವಿನಲ್ಲಿ ಆ ಹೊತ್ತಿಗೆ ಒಬ್ಬ ಶಿಕ್ಷಕರು ನಿಲ್ಲಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ದೂರು ಹೇಳಿದ ಮಗುವನ್ನು ಎರಡು ದಿನ ಬಿಟ್ಟು ಮತ್ತೆ ಮಾತಾಡಿಸಬೇಕು. ‘ಈಗ ಸರಿಹೋಗಿದೆ ಮಿಸ್’ ಎಂದರೂ ಅಷ್ಟಕ್ಕೇ ರಿಜಿಸ್ಟರ್ ಮುಚ್ಚಬೇಡಿ. ಊಟದ ಬಿಡುವಿನಲ್ಲಿ ಅದು ಯಾರ ಪಕ್ಕ ಕೂತಿದೆ ನೋಡಿ, ಅದನ್ನೂ ಬರೆಯಿರಿ.