ಸ್ಪ್ಯಾನಿಷ್ ಅಧ್ಯಯನ ಟಿಪ್ಪಣಿ: ‘ಕೇಳು’ ಎನ್ನುವಲ್ಲಿ ಯಾವ ಕ್ರಿಯಾಪದ?

ಕನ್ನಡದಲ್ಲಿ ನಾವು ದಾರಿಯನ್ನೂ ಕೇಳುತ್ತೇವೆ, ಸಾಲವನ್ನೂ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ. ಸ್ಪ್ಯಾನಿಷ್‌ನಲ್ಲಿ ದಾರಿಗೆ ‘ಪ್ರೆಗುಂತಾರ್’, ಸಾಲಕ್ಕೆ ‘ಪೆದಿರ್’, ಹಾಡಿಗೆ ‘ಎಸ್ಕುಚಾರ್’, ತಾನಾಗಿಯೇ ಕಿವಿಗೆ ಬಿದ್ದ ಸದ್ದಿಗೆ ‘ಒಯೀರ್’ ಬರುತ್ತವೆ.

ಕೊನೆಯ ಎರಡನ್ನು ಬೇರ್ಪಡಿಸುವುದು ಕನ್ನಡಿಗರಿಗೆ ಕಷ್ಟವಲ್ಲ. ‘ಸದ್ದು ಕೇಳಿಸಿತು’ ಎನ್ನುವಲ್ಲಿ ಒಯೀರ್, ‘ಗಮನವಿಟ್ಟು ಕೇಳಿದೆ’ ಎನ್ನುವಲ್ಲಿ ಎಸ್ಕುಚಾರ್ ಎಂದಿಟ್ಟುಕೊಂಡರೆ ಬಹುತೇಕ ವಾಕ್ಯಗಳು ಸರಿಹೋಗುತ್ತವೆ. ಆದರೆ ಲ್ಯಾಟಿನ್ ಅಮೆರಿಕದ ಹಲವೆಡೆ ಫೋನಿನಲ್ಲಿ ಮಾತು ಕೇಳಿಸದಿದ್ದಾಗಲೂ ‘ನೊ ತೆ ಎಸ್ಕುಚೊ’ ಎನ್ನುವುದುಂಟು. ಆ ಮಾತು ಕಿವಿಗೆ ಬಿದ್ದಾಗ ಗೊಂದಲಪಡಬೇಕಾಗಿಲ್ಲ.

ನಿಜವಾದ ತೊಡಕಿರುವುದು ಪ್ರೆಗುಂತಾರ್ ಮತ್ತು ಪೆದಿರ್ ನಡುವೆ. ಉತ್ತರ ಬಯಸಿ ಕೇಳಿದರೆ ಪ್ರೆಗುಂತಾರ್, ವಸ್ತು ಬಯಸಿ ಕೇಳಿದರೆ ಪೆದಿರ್ ಎಂಬ ವಿವರಣೆ ಸಾಮಾನ್ಯವಾಗಿ ಸಿಗುತ್ತದೆ. ಅದು ತಪ್ಪಲ್ಲ, ಆದರೆ ಸಾಲದು. ಮಾಹಿತಿ, ಸಲಹೆ, ವಿವರಣೆ ಇವೆಲ್ಲ ಮಾತಿನ ರೂಪದಲ್ಲಿಯೇ ಸಿಗುವಂಥವು. ಆದರೂ ಇವುಗಳಿಗೆ ಪೆದಿರ್ ಬರುತ್ತದೆ: ‘ಪೆದಿರ್ ಇನ್ಫೊರ್ಮಾಸಿಯೊನ್’, ‘ಪೆದಿರ್ ಕೊನ್ಸೆಖೊ’. ಅದೇ ಬೆಲೆಯನ್ನೋ ಸಮಯವನ್ನೋ ಕೇಳಿ ತಿಳಿಯುವುದಾದರೆ ‘ಪ್ರೆಗುಂತಾರ್ ಎಲ್ ಪ್ರೆಸಿಯೊ’, ‘ಪ್ರೆಗುಂತಾರ್ ಲಾ ಓರಾ’ ಎನ್ನಬೇಕು.

ಇಲ್ಲಿ ನನಗೆ ಅತ್ಯಂತ ನೆರವಾದದ್ದು ಕನ್ನಡದ್ದೇ ಒಂದು ಪರೀಕ್ಷೆ. ‘ಕೇಳಿದೆ’ ಎಂಬುದರ ಹಿಂದೆ ‘ಬೇಕೆಂದು’ ಸೇರಿಸಿ ನೋಡಬೇಕು. ಕಾಫಿ ಬೇಕೆಂದು ಕೇಳಿದೆ, ಸಹಾಯ ಬೇಕೆಂದು ಕೇಳಿದೆ, ಮಾಹಿತಿ ಬೇಕೆಂದು ಕೇಳಿದೆ: ಎಲ್ಲವೂ ಒಪ್ಪುತ್ತವೆ, ಆದ್ದರಿಂದ ಎಲ್ಲವೂ ಪೆದಿರ್. ಹೋಟೆಲಿನಲ್ಲಿ ಬಿಲ್ ತರಲು ಹೇಳುವುದೂ ‘ಪೆದಿರ್ ಲಾ ಕ್ವೆಂತಾ’. ‘ಬೆಲೆ ಬೇಕೆಂದು ಕೇಳಿದೆ’ ಎಂದು ಮಾತ್ರ ಯಾರೂ ಹೇಳುವುದಿಲ್ಲ. ‘ಬೆಲೆ ಎಷ್ಟೆಂದು ಕೇಳಿದೆ’ ಎನ್ನುತ್ತೇವೆ. ಎಷ್ಟು, ಎಲ್ಲಿ, ಯಾವಾಗ, ಯಾರು ಎಂಬ ಪ್ರಶ್ನೆಯೊಂದು ಒಳಗೆ ಅಡಗಿದ್ದರೆ ಅದು ಪ್ರೆಗುಂತಾರ್.

ಈ ಪರೀಕ್ಷೆಗೆ ಸಿಗದ ಒಂದು ಪ್ರಯೋಗವಿದೆ, ಅದೂ ದಿನನಿತ್ಯದ್ದು. ‘ಪ್ರಶ್ನೆ ಕೇಳು’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಸಹಜವಾಗಿ ಬರುವುದು ಇವೆರಡೂ ಅಲ್ಲ, ‘ಅಸೆರ್ ಉನಾ ಪ್ರೆಗುಂತಾ’, ಅಂದರೆ ಪ್ರಶ್ನೆ ಮಾಡು. ನಮ್ಮಲ್ಲಿಯೂ ‘ಪ್ರಶ್ನೆ ಮಾಡು’ ಎಂಬ ಬಳಕೆ ಇರುವುದರಿಂದ ಇದನ್ನು ನೆನಪಿಡುವುದು ಸುಲಭ.

ಇನ್ನು ‘ಬಾ’ ಎಂದು ಕೇಳುವ ವಾಕ್ಯಗಳು. ಇಲ್ಲಿ ಕ್ರಿಯಾಪದ ಬದಲಾದೊಡನೆ ವಾಕ್ಯದ ಉಳಿದ ಭಾಗವೂ ಬದಲಾಗುವುದರಿಂದ ನಿಧಾನವಾಗಿ ನೋಡಬೇಕು. ‘ಬರುತ್ತಾಳೆಯೇ ಎಂದು ಅವಳನ್ನು ಕೇಳಿದೆ’ ಎಂಬುದು ‘ಲೆ ಪ್ರೆಗುಂತೆ ಸಿ ಬೆನಿಯಾ’. ಇಲ್ಲಿ ‘ಸಿ’ ಬಂದಿದೆ, ಅದರ ನಂತರದ ಕ್ರಿಯಾಪದ ಸಾಮಾನ್ಯ ರೂಪದಲ್ಲಿದೆ. ‘ಬರಬೇಕೆಂದು ಅವಳನ್ನು ಕೇಳಿಕೊಂಡೆ’ ಎಂಬುದು ‘ಲೆ ಪೆದಿ ಕೆ ಬಿನಿಯೆರಾ’. ಇಲ್ಲಿ ‘ಸಿ’ ಹೋಗಿ ‘ಕೆ’ ಬಂದಿದೆ, ‘ಬೆನಿಯಾ’ ಹೋಗಿ ‘ಬಿನಿಯೆರಾ’ ಬಂದಿದೆ. ಎರಡನೆಯದು ಸುಬ್ಖುಂತಿವೊ, ಅಂದರೆ ಬಯಕೆ, ಅನಿಶ್ಚಯಗಳನ್ನು ಸೂಚಿಸುವ ಕ್ರಿಯಾರೂಪ. ಅವಳು ಬಂದಳೋ ಇಲ್ಲವೋ ಎಂಬುದನ್ನು ಈ ವಾಕ್ಯ ಹೇಳುವುದೇ ಇಲ್ಲ, ಬರಲಿ ಎಂಬ ಬಯಕೆಯನ್ನಷ್ಟೇ ಹೇಳುತ್ತದೆ. ಆ ರೂಪ ಬೇಕಾಗುವುದು ಅದಕ್ಕಾಗಿಯೇ. ವರ್ತಮಾನದಲ್ಲಿ ಇದೇ ವಾಕ್ಯ ‘ಲೆ ಪಿದೊ ಕೆ ಬೆಂಗಾ’ ಎಂದಾಗುತ್ತದೆ. ಪೆದಿರ್‌ನ ‘ಎ’ ಸ್ವರ ‘ಪಿದೊ’ದಲ್ಲಿ ‘ಇ’ ಆಗುವುದನ್ನು, ‘ಪೆದಿಮೊಸ್’ನಲ್ಲಿ ಹಾಗೆಯೇ ಉಳಿಯುವುದನ್ನು ಗಮನಿಸಬೇಕು. ಪ್ರೆಗುಂತಾರ್‌ಗೆ ಈ ತೊಂದರೆಯಿಲ್ಲ, ಅದು ಪೂರ್ತಿ ನಿಯಮಬದ್ಧ.

ಮೇಲಿನ ವಾಕ್ಯಗಳಲ್ಲೆಲ್ಲ ಬಂದ ‘ಲೆ’ಯನ್ನೂ ಕಡೆಗಣಿಸಬಾರದು. ನಾವು ‘ಅವಳನ್ನು ಕೇಳಿದೆ’ ಎಂದು ದ್ವಿತೀಯಾ ವಿಭಕ್ತಿ ಬಳಸುವುದರಿಂದ ಕೈ ತಾನಾಗಿಯೇ ‘ಅವಳನ್ನು’ ಎಂಬರ್ಥದ ‘ಲಾ’ ಬರೆಯಲು ಹೊರಡುತ್ತದೆ. ಸ್ಪ್ಯಾನಿಷ್‌ನಲ್ಲಿ ಕೇಳಿದ ವಿಷಯವೇ ಕರ್ಮ, ಯಾರನ್ನು ಕೇಳಿದೆವೋ ಅವರು ಚತುರ್ಥಿಗೆ ಸಮನಾದ ‘ಲೆ’ಯಲ್ಲಿ ಬರುತ್ತಾರೆ.

‘ಮಗು ಹೇಳಿದ ಮಾತು ಕೇಳುವುದಿಲ್ಲ’ ಎಂಬ ಕೇಳುವಿಕೆ ಇನ್ನೊಂದು ಬಗೆಯದು. ಅದಕ್ಕೆ ‘ಅಸೆರ್ ಕಾಸೊ’ ಎಂಬ ಜೋಡಿಪದವಿದೆ: ‘ಎಲ್ ನಿನ್ಯೊ ನೊ ಅಸೆ ಕಾಸೊ’.