ಟ್ಯೂಬಾದ ತಳದಲ್ಲಿ ಸಿಗುವ ಐದು ಸ್ವರಗಳು

ಟ್ಯೂಬಾ ಅಂದರೆ ಊದಿ ನುಡಿಸುವ ದೊಡ್ಡ ಹಿತ್ತಾಳೆ ವಾದ್ಯ. ಅದರ ವಾಲ್ವ್ ಒತ್ತಿದರೆ ಗಾಳಿ ಹೆಚ್ಚುವರಿ ಕೊಳವೆ ಸುತ್ತಿ ಬಂದು ಸ್ವರ ಇಳಿಯುತ್ತದೆ. ಮೂರು ವಾಲ್ವ್‌ಗಳ ಬಿ ಫ್ಲಾಟ್ ಟ್ಯೂಬಾದಲ್ಲಿ ಸ್ವರದಿಂದ ಸ್ವರಕ್ಕೆ ಕೆಳಗಿಳಿಯುತ್ತಾ ಹೋದರೆ ಒಂದು ಕಡೆ ದಾರಿ ನಿಂತುಹೋಗುತ್ತದೆ. ವಾಲ್ವ್ ಮುಟ್ಟದೆ ಊದಿದರೆ ಸುಮಾರು 58 ಹರ್ಟ್ಸ್‌ನ ಬಿ ಫ್ಲಾಟ್ ಬರುತ್ತದೆ. ಮೂರೂ ವಾಲ್ವ್ ಒತ್ತಿದರೆ ಇ ತನಕ ಇಳಿಯಬಹುದು. ಮುಂದೆ ಸಿಗುವುದು ಪೆಡಲ್ ಸ್ವರ, ಅಂದರೆ ಒಂದು ಆಕ್ಟೇವ್ (ಸಪ್ತಕ) ಕೆಳಗಿನ ಬಿ ಫ್ಲಾಟ್, ಸುಮಾರು 29 ಹರ್ಟ್ಸ್. ನಡುವಿನ ಇ ಫ್ಲಾಟ್, ಡಿ, ಡಿ ಫ್ಲಾಟ್, ಸಿ, ಬಿ ಎಲ್ಲಿ? ಮಾಮೂಲಿ ಫಿಂಗರಿಂಗ್‌ನಲ್ಲಿ, ಅಂದರೆ ವಾಲ್ವ್ ಒತ್ತುವ ಕ್ರಮದಲ್ಲಿ, ಇವು ಇಲ್ಲ. ಆದರೂ ಪಳಗಿದ ವಾದಕರು ಇವನ್ನು ಅದೇ ವಾದ್ಯದಲ್ಲಿ ನುಡಿಸುತ್ತಾರೆ. ಫಾಲ್ಸ್ ಟೋನ್ ಅಂತ ಕರೆಯುವುದು ಇವನ್ನೇ.

ತಯಾರಕರು ಈ ಖಾಲಿ ಜಾಗವನ್ನು ವಾಲ್ವ್‌ಗಳಿಂದಲೇ ತುಂಬಲು ನೋಡಿದರು. 1835ರಲ್ಲಿ ಬರ್ಲಿನ್‌ನಲ್ಲಿ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಮೊರಿಟ್ಸ್ ಪೇಟೆಂಟ್ ಪಡೆದ ಮೊದಲ ಟ್ಯೂಬಾಗೇ ಐದು ವಾಲ್ವ್ ಇದ್ದವು. ಆದರೆ ಬ್ಯಾಂಡ್‌ಗಳಲ್ಲಿ ಮೂರು ವಾಲ್ವ್‌ಗಳ ವಾದ್ಯಗಳೂ ಬೇರೂರಿದವು. ಮೈಗೆ ಸುತ್ತಿಕೊಂಡು ನುಡಿಸುವ ಟ್ಯೂಬಾಗಳಾದ ಸೂಸಾಫೋನ್‌ಗಳಲ್ಲಿ ಇಂದಿಗೂ ಮೂರೇ ಇರುವುದು ಜಾಸ್ತಿ.

ನಾಲ್ಕನೆಯ ವಾಲ್ವ್ ಸೇರಿಸಿದರೆ ಎಲ್ಲ ಸರಿಹೋಗಬೇಕು, ಅಲ್ವಾ? ಹೋಗುವುದಿಲ್ಲ. ಪ್ರತಿ ವಾಲ್ವ್‌ನ ಕೊಳವೆಯನ್ನು ಅದೊಂದನ್ನೇ ಒತ್ತಿದಾಗ ಸರಿಹೊಂದುವ ಅಳತೆಗೆ ಕತ್ತರಿಸಿರುತ್ತಾರೆ. ನಾಲ್ಕನೆಯದನ್ನು ಒತ್ತಿದ ಕೂಡಲೇ ವಾದ್ಯ ಮೂರನೇ ಒಂದು ಭಾಗದಷ್ಟು ಉದ್ದವಾಗುತ್ತದೆ. ಆ ಉದ್ದಕ್ಕೆ ಉಳಿದ ಕೊಳವೆಗಳು ಸಾಲುವುದಿಲ್ಲ. ನಾಲ್ಕನ್ನೂ ಒತ್ತಿದರೆ ಸುಮಾರು ಶೇ. 71ರಷ್ಟು ಉದ್ದ ಸೇರುತ್ತದೆ. ಬಿ ಸ್ವರಕ್ಕೆ ಬೇಕಾದದ್ದು ಶೇ. 89. ಹಾಗಾಗಿ ಸಿ ತುಂಬಾ ಶಾರ್ಪ್ ಆಗುತ್ತದೆ (ಇರಬೇಕಾದ್ದಕ್ಕಿಂತ ಮೇಲೇರುತ್ತದೆ), ಬಿ ಸಿಗುವುದೇ ಇಲ್ಲ. 1874ರಲ್ಲಿ ಇಂಗ್ಲೆಂಡಿನ ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ ಇದಕ್ಕೆ ಜಾಣ ಪರಿಹಾರ ಕಂಡುಕೊಂಡರು. ವಾಲ್ವ್‌ಗಳನ್ನು ಒಟ್ಟಿಗೆ ಒತ್ತಿದಾಗ ಗಾಳಿ ಇನ್ನಷ್ಟು ಪುಟ್ಟ ಕೊಳವೆಗಳನ್ನು ಸುತ್ತಿ ಬರುವ ಕಾಂಪೆನ್ಸೇಟಿಂಗ್ ವ್ಯವಸ್ಥೆ ಅದು. ಕೆಲಸ ಚೆನ್ನಾಗಿಯೇ ಆಯಿತು, ಆದರೆ ತೂಕವೂ ಬೆಲೆಯೂ ಏರಿದವು.

ಹೀಗೆ ಎಲ್ಲರ ಗಮನ ವಾಲ್ವ್‌ಗಳ ಮೇಲೇ ಇದ್ದುದರಿಂದ, ವಾದ್ಯ ತಾನಾಗಿಯೇ ಕೊಡುತ್ತಿದ್ದ ಸ್ವರಗಳು ಬರೀ ತಂತ್ರ, ಕಳ್ಳದಾರಿ ಅನ್ನಿಸಿಕೊಂಡವು ಎಂಬುದು ನನ್ನ ಅನಿಸಿಕೆ. ಇದು ಅವಕ್ಕಾದ ಅನ್ಯಾಯ.

ಅವು ಹೇಗೆ ಹುಟ್ಟುತ್ತವೆ ನೋಡಿ. ವಾಲ್ವ್ ಒತ್ತದೆ 58 ಹರ್ಟ್ಸ್‌ನ ಬಿ ಫ್ಲಾಟ್ ಹಿಡಿಯಿರಿ. ದವಡೆ ಇಳಿಸಿ, ತುಟಿ ಸಡಿಲಿಸಿ, ಗಾಳಿ ಮಾತ್ರ ಧಾರಾಳವಾಗಿ ಬಿಡುತ್ತಾ ಸ್ವರವನ್ನು ಕೆಳಗೆ ಎಳೆಯಿರಿ. ಮೊದಲು ದನಿ ಅಲ್ಲಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ತುಟಿಗಳು ಸೆಕೆಂಡಿಗೆ ಸುಮಾರು 39 ಸಲ ಅದುರುವ ಹೊತ್ತಿಗೆ ಸ್ವರ ತಟ್ಟನೆ ಕಚ್ಚಿಕೊಳ್ಳುತ್ತದೆ. ಅದೇ ಇ ಫ್ಲಾಟ್. ತುಟಿ ಹಾಗೇ ಇಟ್ಟು ಎರಡನೆಯ ವಾಲ್ವ್ ಒತ್ತಿದರೆ ಡಿ. ಒಂದನೆಯದಕ್ಕೆ ಡಿ ಫ್ಲಾಟ್, ಒಂದು-ಎರಡಕ್ಕೆ ಸಿ, ಎರಡು-ಮೂರಕ್ಕೆ ಬಿ. ಐದೂ ಬಂದವು! ಸುಮ್ನೆ ತುಟಿ ಬಗ್ಗಿಸಿ ಎಳೆದ ಸ್ವರವಾಗಿದ್ದರೆ ಹೀಗೆ ಒಂದೇ ಕಡೆ ಕಚ್ಚಿಕೊಳ್ಳುತ್ತಿರಲಿಲ್ಲ.

ವಿಜ್ಞಾನಿಗಳು ಇದನ್ನು ಸರಿಯಾಗಿ ನೋಡಿದ್ದು ತೀರಾ ಇತ್ತೀಚೆಗೆ. 2022ರಲ್ಲಿ ಫ್ರಾನ್ಸ್‌ನ ಸಂಶೋಧಕರು ಏಳು ಬಗೆಯ ಟ್ಯೂಬಾಗಳಲ್ಲಿ, ಪ್ರತಿಯೊಂದನ್ನೂ ಇಬ್ಬರು ವೃತ್ತಿಪರ ವಾದಕರಿಂದ ನುಡಿಸಿ, ಈ ಸ್ವರವನ್ನು ಅಳೆದರು. ಘೋಸ್ಟ್ ನೋಟ್ ಎಂದು ಅವರು ಕರೆದ ಇದು ಟ್ಯೂಬಾ, ಯುಫೋನಿಯಂ, ಸ್ಯಾಕ್ಸ್‌ಹಾರ್ನ್‌ಗಳಂತೆ ಕೊಳವೆ ಉದ್ದಕ್ಕೂ ಅಗಲವಾಗುತ್ತಾ ಹೋಗುವ ವಾದ್ಯಗಳಲ್ಲಿ ಮಾತ್ರ ಸಿಗುತ್ತದೆ. ತುಟಿ ಮತ್ತು ವಾದ್ಯ ಒಂದಕ್ಕೊಂದು ಸ್ಪಂದಿಸುವ ಸರಳ ಗಣಿತದ ಮಾದರಿಯಲ್ಲೂ ಪೆಡಲ್ ಸ್ವರದ ಜೊತೆಗೆ ಇದು ತಾನಾಗಿಯೇ ಮೂಡಿತು. ಅಂದರೆ ಇದು ವಾದ್ಯದ ಸಹಜ ಸ್ವರವೇ, ವಾದಕನ ಕೈಚಳಕವಲ್ಲ.

ಆದರೆ ಎಲ್ಲ ಟ್ಯೂಬಾಗಳಲ್ಲೂ ಅದು ಒಂದೇ ಕಡೆ ಸಿಗುವುದಿಲ್ಲ. ಪೆಡಲ್‌ನಿಂದ ಮೈನರ್ ಥರ್ಡ್‌ನಷ್ಟು (ಮೂರು ಅರ್ಧಸ್ವರ) ಮೇಲಿನಿಂದ ಪರ್ಫೆಕ್ಟ್ ಫೋರ್ತ್‌ನಷ್ಟು (ಐದು ಅರ್ಧಸ್ವರ) ಮೇಲಿನ ತನಕ ಎಲ್ಲಾದರೂ ಇರಬಹುದು. ಆದ್ದರಿಂದ ಮೇಲೆ ಹೇಳಿದ ಫಿಂಗರಿಂಗ್ ನಿಮ್ಮ ವಾದ್ಯಕ್ಕೆ ಪೂರ್ತಿ ಹೊಂದದೇ ಹೋಗಬಹುದು. ಟ್ಯೂನರ್ ಎದುರಿಗಿಟ್ಟುಕೊಂಡು, ಮೊದಲು ವಾಲ್ವ್ ಒತ್ತದೆ ಸ್ವರ ಎಲ್ಲಿ ಕಚ್ಚಿಕೊಳ್ಳುತ್ತದೆ ಅಂತ ಪತ್ತೆ ಮಾಡಿ, ಉಳಿದವನ್ನು ಅಲ್ಲಿಂದ ಎಣಿಸಿಕೊಳ್ಳಿ.