ಸರ್ಜನ್ ಒಬ್ಬರ ಹಳೇ ಕಾಗದಗಳಲ್ಲಿ ಅಂಥದ್ದೇನಿರುತ್ತದೆ?

ಪ್ರಶ್ನೆ: ದೊಡ್ಡ ಡಾಕ್ಟರುಗಳು ತೀರಿಕೊಂಡ ಮೇಲೆ ಅವರ ಕಾಗದಪತ್ರಗಳನ್ನು ವಿದೇಶದ ಲೈಬ್ರರಿಗಳು ಪೆಟ್ಟಿಗೆಗಟ್ಟಲೆ ಕಾಪಾಡುತ್ತವೆ. ಅವರ ಸಂಶೋಧನೆಯೆಲ್ಲ ಆಗಲೇ ಅಚ್ಚಾಗಿರುತ್ತದೆ ಅಲ್ವಾ? ಮತ್ತೆ ಇದೆಲ್ಲ ಯಾಕೆ?

ಉತ್ತರ: ಅಚ್ಚಿಗೆ ಹೋಗದೆ ಉಳಿದದ್ದೇ ಜಾಸ್ತಿ, ಅದಕ್ಕೆ. ಹಾರ್ವೆ ಕುಶಿಂಗ್ ಅವರನ್ನೇ ನೋಡಿ. ಮಿದುಳಿನ ಶಸ್ತ್ರಚಿಕಿತ್ಸೆಗೆ ಭದ್ರ ಬುನಾದಿ ಹಾಕಿದ ಅಮೆರಿಕದ ಸರ್ಜನ್, 1869ರಿಂದ 1939ರವರೆಗೆ ಬದುಕಿದ್ದವರು.

ಅವರು ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ ಆಪರೇಷನ್‌ಗೆ ಈಥರ್, ಅಂದರೆ ಪ್ರಜ್ಞೆ ತಪ್ಪಿಸುವ ಔಷಧಿ, ಕೊಡುವುದು ವಿದ್ಯಾರ್ಥಿಗಳ ಕೆಲಸವಾಗಿತ್ತು. ಸರಿಯಾದ ತರಬೇತಿ ಇರಲಿಲ್ಲ. ಕುಶಿಂಗ್ ಈಥರ್ ಕೊಡುತ್ತಿದ್ದಾಗಲೇ ಒಬ್ಬ ರೋಗಿ ಪ್ರಾಣ ಬಿಟ್ಟರು. ಅದು ಅವರನ್ನು ಬಹಳ ಕಾಡಿತು. ಆಮೇಲೆ ಸಹಪಾಠಿ ಕಾಡ್‌ಮನ್ ಜೊತೆ ಒಂದು ಪಂದ್ಯ ಕಟ್ಟಿದರು: ಯಾರು ಈಥರನ್ನು ಚೆನ್ನಾಗಿ ಕೊಡುತ್ತಾರೋ ನೋಡೋಣ, ಸೋತವರು ಊಟ ಹಾಕಿಸಬೇಕು. ಗೆದ್ದವರಾರೆಂದು ತಿಳಿಯಲು ಲೆಕ್ಕ ಬೇಕಲ್ಲ? 1894ರ ಹೊತ್ತಿಗೆ ಇಬ್ಬರೂ ಆಪರೇಷನ್ ನಡೆಯುವಾಗ ರೋಗಿಯ ನಾಡಿ, ಉಸಿರಾಟವನ್ನು ಮತ್ತೆ ಮತ್ತೆ ನೋಡಿ ಹಾಳೆಯಲ್ಲಿ ಗುರುತು ಹಾಕತೊಡಗಿದರು. 1901ರಲ್ಲಿ ಕುಶಿಂಗ್ ಇಟಲಿಯ ಪಾವಿಯಾಕ್ಕೆ ಹೋದಾಗ ಅಲ್ಲಿನ ವೈದ್ಯ ರಿವಾ-ರೋಚ್ಚಿಯ, ತೋಳಿಗೆ ಸುತ್ತಿ ಬಿಪಿ ನೋಡುವ ಪಟ್ಟಿ ಕಣ್ಣಿಗೆ ಬಿತ್ತು. ಮುಂದೆ ಬಿಪಿಯೂ ಆ ಹಾಳೆಗೆ ಸೇರಿತು. ಇವತ್ತು ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರು ತುಂಬುವ ಚಾರ್ಟ್ ಇದೇ ವಂಶದ್ದು.

ಪಂದ್ಯದ ಕಥೆ ನಮಗೆ ತಿಳಿದದ್ದು ಹೇಗೆ? 1920ರಲ್ಲಿ ಕುಶಿಂಗ್ ತಾವು ಈಥರ್ ಕೊಡುತ್ತಿದ್ದ ಬಾಸ್ಟನ್ನಿನ ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದ ಒಂದು ಕಾಗದದಿಂದ. ಆ ಕಾಗದ ರದ್ದಿಗೆ ಹೋಗಿದ್ದರೆ ನಮ್ಮ ಕೈಗೆ ಚಾರ್ಟ್ ಮಾತ್ರ ಸಿಗುತ್ತಿತ್ತು, ಅದರ ಹಿಂದಿದ್ದ ಸಂಕಟ ಗೊತ್ತೇ ಆಗುತ್ತಿರಲಿಲ್ಲ. ನನಗೆ ಬೆಲೆಬಾಳುವುದು ಆ ಸಂಕಟವೇ.

ಕಾಗದಗಳ ಬೆಲೆ ಕುಶಿಂಗ್‌ಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಹಿರಿಯ ವೈದ್ಯ ವಿಲಿಯಂ ಆಸ್ಲರ್ ಅವರ ಜೀವನಚರಿತ್ರೆಯನ್ನು ಅವರು ಊರೂರಿಂದ ಕೂಡಿಸಿದ ಪತ್ರಗಳಿಂದಲೇ ಕಟ್ಟಿದರು. ಅದಕ್ಕೆ 1926ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ವೈದ್ಯ ಇತಿಹಾಸದ ಹಳೇ ಪುಸ್ತಕಗಳನ್ನು ಜೀವಮಾನವಿಡೀ ಕೂಡಿಹಾಕಿ, ಯೇಲ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದರು.

ಸುಮಾರು 2,200 ರೋಗಿಗಳ ಕೇಸ್ ದಾಖಲೆಗಳೂ ಯೇಲ್‌ನಲ್ಲಿವೆ. ಟಿಪ್ಪಣಿ, ಫೋಟೊ, ಜಾಡಿಗಳಲ್ಲಿಟ್ಟ ಮಿದುಳುಗಳು. ಪೆಥಾಲಜಿಸ್ಟ್ ಲೂಯಿಸ್ ಐಸೆನ್‌ಹಾರ್ಟ್ ವರ್ಷಗಟ್ಟಲೆ ಇವನ್ನು ಜೋಡಿಸಿ ನೋಡಿಕೊಂಡರು. ಅವರ ಹೆಸರನ್ನು ಜನ ಮರೆತೇಬಿಟ್ಟಿರುವುದು ಬೇಸರದ ಮಾತು. ಆಮೇಲೆ ಎಲ್ಲವೂ ವಿದ್ಯಾರ್ಥಿಗಳ ಹಾಸ್ಟೆಲ್ಲಿನ ನೆಲಮಾಳಿಗೆ ಸೇರಿ, ದಶಕಗಳ ಕಾಲ ಧೂಳು ತಿಂದವು. 2010ರಲ್ಲಿ ಇವಕ್ಕೆಂದೇ ಲೈಬ್ರರಿಯಲ್ಲಿ ಕುಶಿಂಗ್ ಸೆಂಟರ್ ತೆರೆಯಿತು. ಕುಶಿಂಗ್ ಕಾಲದಲ್ಲಿ ಊಹೆಗೂ ಸಿಗದಿದ್ದ ಜೀನ್ ಪರೀಕ್ಷೆಯನ್ನು ಸಂಶೋಧಕರು ಈಗ ಅಲ್ಲಿರುವ ರೋಗಿಗಳ ಗೆಡ್ಡೆಗಳ (ಟ್ಯೂಮರ್) ಮೇಲೆ ಮಾಡಿದ್ದಾರೆ.

ಹಾಗಂತ ರೋಗಿಗಳ ದಾಖಲೆಗಳನ್ನು ಯಾರು ಬೇಕಾದರೂ ಸುಮ್ನೆ ತೆರೆದು ಓದುವಂತಿಲ್ಲ. ರೋಗಿ ತೀರಿಕೊಂಡ ಮೇಲೂ 50 ವರ್ಷ ಅಮೆರಿಕದ ಕಾನೂನು ಅವರ ಗುಟ್ಟನ್ನು ಕಾಯುತ್ತದೆ.